ಬಚ್ಚಲುಮನೆಯ ನಲ್ಲಿ ಮುಟ್ಟಿದರೆ ಕರೆಂಟು ಜುಮ್ಮೆನ್ನುತ್ತಿದೆ: ಗೀಸರ್ ಬದಲಿಸಬೇಕೆ, ಬೇರೇನಾದರೂ ನೋಡಬೇಕೆ?

ಪ್ರಶ್ನೆ: ಕಾವಿ ನೆಲದ ಮನೆಯವ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ತಂದೆಯವರು 1984ರಲ್ಲಿ ಕಟ್ಟಿಸಿದ ಹಂಚಿನ ಮನೆ. ವರ್ಷದ ಹೆಚ್ಚಿನ ಕಾಲ ನಾವು ಬಚ್ಚಲೊಲೆಯ ಹಂಡೆಯಲ್ಲಿಯೇ ನೀರು ಕಾಯಿಸುತ್ತೇವೆ. ಮಳೆಗಾಲದಲ್ಲಿ ಸೌದೆ ಮೆತ್ತಗಾಗಿ ಹೊಗೆ ತುಂಬುವುದರಿಂದ, ಅಮ್ಮನಿಗೆ ಉಬ್ಬಸವಿರುವ ಕಾರಣ, ಆ ಮೂರು ತಿಂಗಳು ಮಾತ್ರ 2000 ವ್ಯಾಟಿನ 15 ಲೀಟರ್ ಗೀಸರನ್ನು ಬಳಸುತ್ತೇವೆ.

ಈ ಸಲ ಆರಿದ್ರೆ ಮಳೆ ಹಿಡಿದಂದಿನಿಂದ ಬಚ್ಚಲುಮನೆಯ ನಲ್ಲಿಯನ್ನು ಒದ್ದೆ ಕೈಯಲ್ಲಿ ಮುಟ್ಟಿದರೆ ಮೊಣಕೈಯವರೆಗೆ ಜುಮ್ಮೆನ್ನುತ್ತದೆ. ಮೊದಲು ನನ್ನ ಹೆಂಡತಿ ಹೇಳಿದಾಗ ನಾನು ಅಷ್ಟು ಗಮನ ಕೊಡಲಿಲ್ಲ. ಕಳೆದ ವಾರ ಅಮ್ಮ ಚೊಂಬು ಕೈಬಿಟ್ಟು ಗೋಡೆಗೆ ಒರಗಿ ಕುಳಿತುಬಿಟ್ಟರು. ಊರಿನ ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಇಟ್ಟಾಗ ನಲ್ಲಿಯ ಮೇಲೆ ದೀಪ ಹೊತ್ತಿಕೊಂಡಿತು. ಗೀಸರಿನ ಕಾಯಿಲ್ ಹೋಗಿದೆ, ಹೊಸ ಗೀಸರ್ ತನ್ನಿ ಎಂದು ಅವರು ಹೇಳಿ ಹೋದರು. ಗೀಸರ್ ಕಂಪನಿಯ ರಿಪೇರಿಯವರನ್ನು ಕರೆಸಿದೆವು. ಅವರು ಮಧ್ಯಾಹ್ನ ಬಂದು, ಮೀಟರ್ ಹಿಡಿದು ನೋಡಿ, ಗೀಸರಿನಲ್ಲಿ ಏನೂ ದೋಷವಿಲ್ಲ ಎಂದರು. ಅವರೆದುರಿಗೆ ನಲ್ಲಿ ಮುಟ್ಟಿದರೆ ನಿಜಕ್ಕೂ ಏನೂ ಆಗಲಿಲ್ಲ, ನಮಗೇ ನಾಚಿಕೆಯಾಯಿತು. ಮರುದಿನ ಬೆಳಗ್ಗೆ ಮತ್ತೆ ಅದೇ.

ಇನ್ನೊಂದೆರಡು ಸಂಗತಿಗಳನ್ನು ಹೇಳಬೇಕು. ಗೀಸರಿನ ಪ್ಲಗ್ ಕಿತ್ತಿಟ್ಟಿದ್ದಾಗಲೂ ಎರಡು ಬಾರಿ ನಲ್ಲಿ ಜುಮ್ಮೆಂದಿದೆ. ಅಡುಗೆಮನೆಯಲ್ಲಿ ಬರಿಗಾಲಿನಲ್ಲಿ ನಿಂತು ಫ್ರಿಜ್ಜಿನ ಬಾಗಿಲಿನ ಹಿಡಿ ಮುಟ್ಟಿದರೂ ಸಣ್ಣಗೆ ಇರುವೆ ಹರಿದಂತಾಗುತ್ತದೆ. ಐದು ವರ್ಷಗಳ ಹಿಂದೆ ಹಳೆಯ ಫ್ಯೂಸ್ ಕಟೌಟುಗಳನ್ನು ತೆಗೆಸಿ ತಾನಾಗಿ ಬೀಳುವ ಎಂಸಿಬಿ ಸ್ವಿಚ್ಚುಗಳನ್ನು ಹಾಕಿಸಿದ್ದೇವೆ. ಕರೆಂಟು ಸೋರಿದರೆ ಅದು ತಾನಾಗಿ ಬೀಳಬೇಕಲ್ಲವೆ? ಒಮ್ಮೆಯೂ ಬಿದ್ದಿಲ್ಲ. ಸೋದರಮಾವ ಪ್ಲಗ್ಗಿನೊಳಗಿನ ಎರಡು ವಯರುಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಸದ್ಯಕ್ಕೆ ರಬ್ಬರ್ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡುತ್ತಿದ್ದೇವೆ. ಬಲ್ಲವರು ದಾರಿ ತೋರಿಸಬೇಕಾಗಿ ಕೋರುತ್ತೇನೆ.

ಉತ್ತರ 1: ಕಡಲ ಕರೆಯವನು

ನಮ್ಮ ಮನೆಯಲ್ಲಿಯೂ ಹೀಗೆಯೇ ಆಗಿತ್ತು, ಕಾಯಿಲ್ ಬದಲಿಸಿದ ಮೇಲೆ ನಿಂತಿತು. ವರ್ಷದಲ್ಲಿ ಒಂಬತ್ತು ತಿಂಗಳು ಬಳಸದೆ ಇಟ್ಟ ಗೀಸರಿನ ಕಾಯಿಲ್ ತುದಿಗಳಲ್ಲಿ ತೇವ ಇಳಿಯುವುದು ಸಾಮಾನ್ಯ. ಕೊಳವೆಯೊಳಗೆ ತಂತಿಯ ಸುತ್ತ ತುಂಬಿರುವ ಬಿಳಿಯ ಮೆಗ್ನೀಸಿಯಮ್ ಆಕ್ಸೈಡ್ ಪುಡಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಆಗ ಕರೆಂಟು ಹೊರಗಿನ ಲೋಹಕ್ಕೆ ದಾಟುತ್ತದೆ. ಚಪ್ಪಲಿ ಮಾತ್ರ ಬಿಡಬೇಡಿ.

ಉತ್ತರ 2: ಹಳೆಯ ಮೇಲ್ವಿಚಾರಕ

ನಾನು ಮನೆ ಮತ್ತು ಕಾರ್ಖಾನೆಗಳ ವಯರಿಂಗ್ ಕೆಲಸದಲ್ಲಿ 30 ವರ್ಷಕ್ಕೂ ಹೆಚ್ಚು ಕಾಲ ಮೇಲ್ವಿಚಾರಕನಾಗಿದ್ದು ಈಗ ನಿವೃತ್ತನಾಗಿದ್ದೇನೆ. ಮೇಲಿನ ಉತ್ತರದಲ್ಲಿ ಕಾಯಿಲಿನ ತೇವದ ಬಗ್ಗೆ ಹೇಳಿರುವುದು ಸರಿಯಾಗಿಯೇ ಇದೆ. ಪ್ರಶ್ನೆ ಕೇಳಿದವರ ಮಾತಿನಲ್ಲಿರುವ ಒಂದು ವಾಕ್ಯ ಮಾತ್ರ ಆ ಉತ್ತರಕ್ಕೆ ಒಗ್ಗುವುದಿಲ್ಲ: ಪ್ಲಗ್ ಕಿತ್ತಿಟ್ಟಿದ್ದಾಗಲೂ ನಲ್ಲಿ ಜುಮ್ಮೆಂದಿದೆ. ಗೋಡೆಯಿಂದ ಸಂಪರ್ಕವೇ ಇಲ್ಲದ ಗೀಸರು ನಲ್ಲಿಗೆ ಕರೆಂಟು ಕೊಡಲಾರದು. ಅದು ಬೇರೆಲ್ಲಿಂದಲೋ ಬರುತ್ತಿದೆ, ನಲ್ಲಿಯಲ್ಲಿ ಕಾಣಿಸಿಕೊಳ್ಳುತ್ತಿದೆ. ಫ್ರಿಜ್ಜಿನ ಹಿಡಿಯೂ ಜುಮ್ಮೆನ್ನುತ್ತದೆ ಎಂದರೆ ನನಗೆ ಮೊದಲು ಬರುವ ಅನುಮಾನ ಮನೆಯ ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ಸಂಪರ್ಕ, ಕಡಿದುಹೋಗಿದೆ ಎಂಬುದು.

ದಯವಿಟ್ಟು ಮೂರು ವಿಷಯಗಳನ್ನು ತಿಳಿಸಿ. 1984ರ ಮನೆಯಲ್ಲಿ ಅರ್ತ್ ತಂತಿಯನ್ನು ಎಲ್ಲಿಗೆ ಕಟ್ಟಿದ್ದರು, ಪ್ರತ್ಯೇಕ ಗುಂಡಿ ಇದೆಯೋ ಅಥವಾ ಆ ಕಾಲದ ಬಹಳಷ್ಟು ಮನೆಗಳಂತೆ ನೀರಿನ ಕಬ್ಬಿಣದ ಪೈಪಿಗೆ ಸುತ್ತಿದ್ದರೋ? ಇತ್ತೀಚೆಗೆ ನೀರಿನ ಪೈಪುಗಳನ್ನು ಬದಲಿಸಿದ್ದೀರಾ? ಬೆಳಗ್ಗೆ ಜುಮ್ಮೆಂದು ಮಧ್ಯಾಹ್ನ ಸುಮ್ಮನಿರುವುದಕ್ಕೆ ಕಾರಣವಾಗುವಂತೆ ಬೆಳಗ್ಗೆ ಮಾತ್ರ ಓಡುವ ಉಪಕರಣ ಯಾವುದು?

ಉತ್ತರ ಬರುವವರೆಗೆ ಕಾಯದೆ ಮಾಡಬೇಕಾದದ್ದನ್ನು ಈಗಲೇ ಹೇಳುತ್ತೇನೆ. ಸ್ನಾನದ ಹೊತ್ತಿಗೆ ಮೇನ್ ಸ್ವಿಚ್ಚನ್ನೇ ಇಳಿಸಿ. ಹಳೆಯ ಕಬ್ಬಿಣದ ಪೆಟ್ಟಿಗೆಯ ಮೇನ್ ಆಗಿದ್ದರೆ ಅದು ಕರೆಂಟು ತರುವ ಫೇಸ್ ಮತ್ತು ಕರೆಂಟು ಮರಳುವ ನ್ಯೂಟ್ರಲ್ ತಂತಿಗಳೆರಡನ್ನೂ ಕಡಿಯುತ್ತದೆ. ಗೀಸರಿನ ಸ್ವಿಚ್ ಮಾತ್ರ ಆರಿಸಿದರೆ ಸಾಲದು. ನಮ್ಮ ಗೋಡೆಯ ಸ್ವಿಚ್ಚುಗಳು ಒಂದು ತಂತಿಯನ್ನಷ್ಟೇ ಕಡಿಯುತ್ತವೆ, ಕಂಬದಿಂದಲೋ ಬೋರ್ಡಿನಲ್ಲೋ ಫೇಸು ನ್ಯೂಟ್ರಲ್ಲು ಅದಲುಬದಲಾಗಿದ್ದರೆ ಆ ಸ್ವಿಚ್ ಕಡಿಯುವುದು ನ್ಯೂಟ್ರಲನ್ನು, ಕಾಯಿಲ್ ಪೂರ್ತಿ ಜೀವಂತವಾಗಿಯೇ ಉಳಿಯುತ್ತದೆ. ತಮ್ಮ ಸೋದರಮಾವನವರ ಸಲಹೆಯ ಅಪಾಯವೂ ಇದೇ. ಕಾಯಿಲಿನ ಸೋರುವ ಜಾಗ ನ್ಯೂಟ್ರಲ್ ತುದಿಗೆ ಹತ್ತಿರವಾದರೆ ಜುಮ್ಮು ಕಡಿಮೆಯಾದಂತೆ ಕಾಣುತ್ತದೆ, ಹಾಗಾಗಿ ಈ ಉಪಾಯ ಕೆಲವರಿಗೆ ಫಲಿಸಿದಂತೆ ಅನ್ನಿಸಿದೆ. ದೋಷ ಮಾತ್ರ ಇದ್ದಲ್ಲಿಯೇ ಇರುತ್ತದೆ, ಮೇಲಾಗಿ ಸ್ವಿಚ್ ನಂಬಿಕೆಗೆ ಅನರ್ಹವಾಗುತ್ತದೆ.

ಚಪ್ಪಲಿಯ ವಿಷಯ. ಕಾಲು ಚಪ್ಪಲಿಯ ಮೇಲಿದ್ದರೂ ಒಂದು ಕೈ ನಲ್ಲಿಯ ಮೇಲೆ, ಇನ್ನೊಂದು ಕೈ ಒದ್ದೆ ಗೋಡೆಯ ಮೇಲೆ ಇದ್ದರೆ ಕರೆಂಟು ಎದೆಯ ಮೂಲಕವೇ ದಾಟುತ್ತದೆ. ಒದ್ದೆ ಮೈಯ ತಡೆಯನ್ನು ಲೆಕ್ಕಕ್ಕೆ ಸುಮಾರು 1000 ಓಮ್ ಎಂದು ಹಿಡಿಯುತ್ತಾರೆ. ಪೂರ್ತಿ 230 ವೋಲ್ಟ್ ಬಂದರೆ 230 ಮಿಲಿ ಆಂಪಿಯರ್. ಜುಮ್ಮೆನ್ನುವುದಕ್ಕೆ 1 ಮಿಲಿ ಆಂಪಿಯರ್ ಸಾಕು, 10ರ ಆಸುಪಾಸಿನಲ್ಲಿ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ, 30 ದಾಟಿ ಸ್ವಲ್ಪ ಹೊತ್ತು ಹರಿದರೆ ಹೃದಯದ ಬಡಿತವೇ ತಪ್ಪಬಹುದು. ನೀವು ಈಗ ಅನುಭವಿಸುತ್ತಿರುವುದಕ್ಕೂ ಪ್ರಾಣಾಪಾಯಕ್ಕೂ ನಡುವಿನ ಅಂತರ ನೆಲ ಎಷ್ಟು ಒದ್ದೆ ಎಂಬುದು ಮಾತ್ರ. ಬೇಸಿಗೆಯಲ್ಲಿ ಒಣಗಿದ ಕಾವಿ ನೆಲ ಕರೆಂಟನ್ನು ಅಷ್ಟಾಗಿ ಬಿಡದ ಕಾರಣ ದೋಷವಿದ್ದರೂ ನಿಮಗೆ ತಿಳಿದಿರಲಾರದು.

ಇನ್ನು ಎಂಸಿಬಿ ಏಕೆ ಬೀಳಲಿಲ್ಲ ಎಂಬ ಪ್ರಶ್ನೆ. ಈ ಪ್ರಶ್ನೆಯನ್ನು ನನಗೆ ಕೇಳದ ಮನೆಯವರೇ ಇಲ್ಲವೆನ್ನಬಹುದು. ಎಂಸಿಬಿ ನೋಡುವುದು ತಂತಿಯಲ್ಲಿ ಹರಿಯುವ ಕರೆಂಟು ತನ್ನ ಮಿತಿ ದಾಟಿತೆ ಎಂಬುದನ್ನು, ಅಷ್ಟನ್ನೇ. ನಿಮ್ಮ ಗೀಸರು ಎಳೆಯುವುದು 9 ಆಂಪಿಯರಿಗೆ ಸ್ವಲ್ಪ ಕಡಿಮೆ. ಅದರ ಎಂಸಿಬಿ 16 ಆಂಪಿಯರಿನದು. ಮನುಷ್ಯನ ಮೈಯಲ್ಲಿ ಕಾಲು ಆಂಪಿಯರ್ ಹರಿದು ಆತ ಸತ್ತರೂ ಎಂಸಿಬಿಯ ಲೆಕ್ಕದಲ್ಲಿ ಅದು ಒಂದು ಸಣ್ಣ ಬಲ್ಬು ಹೊತ್ತಿಸಿದಷ್ಟೇ. ಎಂಸಿಬಿ ಇರುವುದು ವಯರು ಸುಡದಂತೆ ಕಾಪಾಡಲು. ಮನುಷ್ಯರನ್ನು ಕಾಪಾಡುವುದು ಆರ್‌ಸಿಸಿಬಿ. ಅದರೊಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದು ಬಳೆಯಾಕಾರದ ಕಬ್ಬಿಣದ ತಿರುಳಿನ ಮೂಲಕ ಹಾಯ್ದು ಹೋಗುತ್ತವೆ. ಹೋದಷ್ಟೇ ಕರೆಂಟು ಮರಳಿ ಬಂದರೆ ಒಂದರ ಕಾಂತಪ್ರಭಾವವನ್ನು ಇನ್ನೊಂದು ಅಳಿಸಿಹಾಕುತ್ತದೆ, 30 ಮಿಲಿ ಆಂಪಿಯರಿನಷ್ಟು ದಾರಿ ತಪ್ಪಿ ಬೇರೆಡೆಗೆ ಹೋದರೂ ಸಮತೋಲ ಕೆಟ್ಟು, ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ ಮನೆಯ ಸಂಪರ್ಕವನ್ನೇ ಕಡಿಯುತ್ತದೆ.

ಅರ್ತಿಂಗ್ ಒಂದಿದ್ದರೆ ಸಾಕಲ್ಲವೆ ಎಂದು ಕೇಳುವವರಿದ್ದಾರೆ. ನಿಮ್ಮ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಒಂದು ಗುಂಡಿಯ ತಡೆ 100 ಓಮ್ ಇದ್ದರೆ ಆಶ್ಚರ್ಯವಿಲ್ಲ. ಪೂರ್ತಿ ಫೇಸೇ ಗೀಸರಿನ ಮೈಗೆ ತಗುಲಿದರೂ ಅಂಥ ಗುಂಡಿಗೆ ಹರಿಯುವುದು 2.3 ಆಂಪಿಯರ್. 16ರ ಎಂಸಿಬಿ ಅಲುಗುವುದಿಲ್ಲ, ಮೀಟರು ತಿರುಗುತ್ತಲೇ ಇರುತ್ತದೆ, ನಲ್ಲಿಯ ಮೇಲೆ 200 ವೋಲ್ಟಿಗೂ ಹೆಚ್ಚು ನಿಂತಿರುತ್ತದೆ. ಅದೇ 100 ಓಮಿನ ಕಳಪೆ ಗುಂಡಿಯೊಂದಿಗೆ ಆರ್‌ಸಿಸಿಬಿ ಇದ್ದರೆ ನಲ್ಲಿಯ ಮೇಲೆ ಬರಿಯ 3 ವೋಲ್ಟ್ ಏರುವಷ್ಟರಲ್ಲಿ ಅದು ಕಡಿದುಬಿಡುವ ಮಟ್ಟ ಮುಟ್ಟಿರುತ್ತದೆ. ಆದುದರಿಂದ ಈ ಮಳೆಯಲ್ಲಿ ಗುಂಡಿ ತೋಡಲಾಗದಿದ್ದರೂ ಆರ್‌ಸಿಸಿಬಿಯನ್ನು ಈ ವಾರವೇ ಹಾಕಿಸಿ. ಅರ್ತ್ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ. ಮುಟ್ಟಿದವರಿಗೆ ಒಂದು ಕ್ಷಣ ಹೊಡೆತ ಬೀಳುತ್ತದೆ, ಕಡಿಯುತ್ತದೆ. ಅರ್ತ್ ಇದ್ದರೆ ಯಾರೂ ಮುಟ್ಟುವ ಮೊದಲೇ ಕಡಿಯುತ್ತದೆ. ಎರಡೂ ಬೇಕು, ಆದರೆ ಯಾವುದು ಮೊದಲು ಎಂದರೆ ನನ್ನ ಉತ್ತರ ಇದು.

ಟೆಸ್ಟರ್ ದೀಪವನ್ನು ಮಾತ್ರ ನಂಬಿ ಗೀಸರ್ ಕೊಳ್ಳಬೇಡಿ. ಅದರೊಳಗಿನ ನಿಯಾನ್ ಅತ್ಯಲ್ಪ ಕರೆಂಟಿಗೂ ಹೊತ್ತಿಕೊಳ್ಳುತ್ತದೆ, ಪಕ್ಕದ ತಂತಿಯಿಂದ ಪ್ರೇರಿತವಾದ ವೋಲ್ಟೇಜಿಗೂ ಹೊತ್ತಿಕೊಳ್ಳುತ್ತದೆ; ಒಣ ಮರದ ಸ್ಟೂಲಿನ ಮೇಲೆ ನಿಂತು ಹಿಡಿದರೆ ನಿಜವಾದ ಫೇಸಿಗೂ ಮಂಕಾಗಿ ಕಾಣಬಹುದು.

ಉತ್ತರ 3: ಶಿರಸಿ ಕಡೆಯವಳು

ಮೇಲಿನವರು ಹೇಳಿದ ಮಾತಿಗೆ ನಮ್ಮ ತವರುಮನೆಯಲ್ಲಿ ಆದದ್ದನ್ನು ಸೇರಿಸುತ್ತೇನೆ, ಏಕೆಂದರೆ ಅರ್ತಿಂಗ್ ಸರಿಮಾಡಿಕೊಡುತ್ತೇನೆ ಎಂದು ಬರುವವರು ಮಾಡುವ ಒಂದು ಕೆಲಸವನ್ನು ತಡೆಯುವುದು ಬಹಳ ಅಗತ್ಯ.

ನಮ್ಮಲ್ಲಿಯೂ ವೆಟ್ ಗ್ರೈಂಡರ್ ಜುಮ್ಮೆನ್ನುತ್ತಿತ್ತು. ಬಂದ ಹುಡುಗ ಸಾಕೆಟ್ಟಿನ ಹಿಂದೆ ಅರ್ತ್ ತೂತಿನಿಂದ ನ್ಯೂಟ್ರಲ್ ತೂತಿಗೆ ಒಂದು ಗೇಣು ವಯರಿನ ತುಂಡು ಜೋಡಿಸಿದ, ಜುಮ್ಮು ಅಲ್ಲಿಗೇ ನಿಂತಿತು, ಎಲ್ಲರೂ ಸಂತೋಷಪಟ್ಟೆವು. ಒಂದು ವರ್ಷ ಏನೂ ಆಗಲಿಲ್ಲ. ಮರುವರ್ಷದ ಗಾಳಿಮಳೆಯಲ್ಲಿ ಮರದ ಗೆಲ್ಲು ಬಿದ್ದು ಕಂಬದಿಂದ ಮನೆಗೆ ಬರುವ ಎರಡು ತಂತಿಗಳಲ್ಲಿ ನ್ಯೂಟ್ರಲ್ ಮಾತ್ರ ಹರಿಯಿತು. ದೀಪಗಳೆಲ್ಲ ಆರಿದವು, ಕರೆಂಟು ಹೋಯಿತು ಎಂದೇ ಎಲ್ಲರೂ ತಿಳಿದೆವು. ಫೇಸು ಬರುತ್ತಲೇ ಇತ್ತು. ಸ್ವಿಚ್ ಹಾಕಿಯೇ ಇದ್ದ ಫ್ರಿಜ್ಜು, ಬಲ್ಬುಗಳ ಮೂಲಕ ಹಾದು ಮನೆಯ ನ್ಯೂಟ್ರಲ್ ತಂತಿಗೆ, ಅಲ್ಲಿಂದ ಆ ಗೇಣು ವಯರಿನ ಮೂಲಕ ಗ್ರೈಂಡರಿನ ಮೈಗೆ ಅದು ಬಂದು ಕುಳಿತಿತ್ತು. ಕರೆಂಟಿಲ್ಲದ ಹೊತ್ತು ಎಂದು ಗ್ರೈಂಡರ್ ಒರೆಸಲು ಹೋದ ಅತ್ತಿಗೆ ಮೂರಡಿ ಹಿಂದಕ್ಕೆ ಎಗರಿ ಬಿದ್ದರು. ಬಿದ್ದದ್ದೇ ಪುಣ್ಯ, ಅಂಟಿಕೊಂಡಿದ್ದರೆ ಈ ಮಾತು ಬರೆಯುವ ಸ್ಥಿತಿ ಇರುತ್ತಿರಲಿಲ್ಲ. ಎರಡು ದಿನ ಅವರ ಅಂಗೈ ಮರಗಟ್ಟಿತ್ತು.

ಆದುದರಿಂದ ನಿಮ್ಮ ಮನೆಗೆ ಬಂದವರು ಸಾಕೆಟ್ ಬಿಚ್ಚಿದಾಗ ಹತ್ತಿರ ನಿಂತು ನೋಡಿ. ಮೂರು ತೂತುಗಳಿಗೆ ಮೂರು ಬೇರೆ ಬೇರೆ ತಂತಿಗಳು ಗೋಡೆಯೊಳಗಿಂದ ಬಂದಿರಬೇಕು. ಒಂದು ತೂತಿನಿಂದ ಪಕ್ಕದ ತೂತಿಗೆ ಹಾರಿಸಿದ ತುಂಡು ಕಂಡರೆ ತೆಗೆಸಿಬಿಡಿ. ಗಾಳಿಮಳೆಯಲ್ಲಿ ಕರೆಂಟು ಹೋದಾಗ ಮೇನ್ ಇಳಿಸುವ ಅಭ್ಯಾಸ ನಮ್ಮ ಮನೆಯಲ್ಲಿ ಅಂದಿನಿಂದ ಬಂದಿದೆ. ಕಂಬದ ಮೇಲಿನ ತಂತಿಯ ಅನುಮಾನವಿದ್ದರೆ 1912ಕ್ಕೆ ಕರೆ ಮಾಡಿ ದೂರು ಬರೆಸಬಹುದು.

ಪ್ರಶ್ನೆ ಕೇಳಿದವರು: ಕಾವಿ ನೆಲದ ಮನೆಯವ

ಎಲ್ಲರಿಗೂ ಕೃತಜ್ಞತೆಗಳು. ಹಳೆಯ ಮೇಲ್ವಿಚಾರಕರು ಕೇಳಿದ ಮೂರೂ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಾಗ ನನಗೇ ಮೈ ಜುಮ್ಮೆಂದಿತು, ಈ ಬಾರಿ ಕರೆಂಟಿನಿಂದಲ್ಲ.

ಮನೆಯ ಅರ್ತ್ ತಂತಿಯನ್ನು ಬಚ್ಚಲುಮನೆಯ ಹಿಂದುಗಡೆ ಕಬ್ಬಿಣದ ನೀರಿನ ಪೈಪಿಗೆ ಕ್ಲಾಂಪ್ ಹಾಕಿ ಕಟ್ಟಿದ್ದಾರೆ. ಆ ಪೈಪು ಮೊದಲು ಮಣ್ಣಿನೊಳಗೆ ಸುಮಾರು 60 ಅಡಿ ಹೋಗಿ ಬಾವಿಯ ಹತ್ತಿರದ ತೊಟ್ಟಿಗೆ ಸೇರುತ್ತಿತ್ತು. ತುಕ್ಕು ಹಿಡಿದು ಸೋರುತ್ತಿದ್ದ ಕಾರಣ ಕಳೆದ ಯುಗಾದಿಯ ಹೊತ್ತಿಗೆ ಅದನ್ನೆಲ್ಲ ತೆಗೆಸಿ ಪಿವಿಸಿ ಹಾಕಿಸಿದೆವು. ಗೋಡೆಯೊಳಗೆ ಹೂತಿರುವ ನಾಲ್ಕಡಿ ತುಂಡು ಮತ್ತು ಅದರ ತುದಿಯ ನಲ್ಲಿ ಮಾತ್ರ ಕಬ್ಬಿಣದವು ಉಳಿದಿವೆ. ಅರ್ತ್ ತಂತಿ ಈಗಲೂ ಆ ನಾಲ್ಕಡಿ ತುಂಡಿಗೇ ಕಟ್ಟಿದೆ. ಬೆಳಗ್ಗೆ ಮಾತ್ರ ಓಡುವುದು ಬಾವಿಯ ಒಂದು ಎಚ್‌ಪಿ ಮೋಟಾರು, 6ರಿಂದ 7ರವರೆಗೆ. ಅಮ್ಮ ಸ್ನಾನಕ್ಕೆ ಹೋಗುವುದು ಅದೇ ಹೊತ್ತಿಗೆ.

ಈಗ ಎರಡು ಸಂದೇಹಗಳಿವೆ. ನಮ್ಮಲ್ಲಿ ಇನ್ವರ್ಟರ್ ಇದೆ. ಇನ್ವರ್ಟರ್ ಇರುವ ಮನೆಯಲ್ಲಿ ಆರ್‌ಸಿಸಿಬಿ ನಿಲ್ಲುವುದಿಲ್ಲ, ಸುಮ್ಮಸುಮ್ಮನೆ ಬೀಳುತ್ತದೆ ಎಂದು ಎಲೆಕ್ಟ್ರಿಷಿಯನ್ ಹಿಂಜರಿಯುತ್ತಿದ್ದಾರೆ. ಅರ್ತ್ ಗುಂಡಿಯನ್ನು ಈ ಜಂಬಿಟ್ಟಿಗೆ ನೆಲದಲ್ಲಿ ಹೇಗೆ ಮಾಡಿಸಬೇಕು?

ಉತ್ತರ 4: ಮಲ್ಲೇಶ್ವರದ ಎಂಜಿನಿಯರ್

ಇನ್ವರ್ಟರಿನ ಮಾತು ಅರ್ಧ ನಿಜ. ನಮ್ಮ ಅಪಾರ್ಟ್‌ಮೆಂಟಿನ ಹಲವು ಮನೆಗಳಲ್ಲಿ ಇದೇ ಕಾರಣಕ್ಕೆ ಆರ್‌ಸಿಸಿಬಿಯ ಒಳಗಿನ ಮತ್ತು ಹೊರಗಿನ ತಂತಿಗಳನ್ನು ನೇರವಾಗಿ ಜೋಡಿಸಿ ಅದನ್ನು ಅಲಂಕಾರದ ವಸ್ತುವಾಗಿ ಬಿಟ್ಟಿದ್ದರು. ಬೀಳುವುದಕ್ಕೆ ಕಾರಣ ಇನ್ವರ್ಟರಿನ ದೋಷವಲ್ಲ, ನ್ಯೂಟ್ರಲ್ ತಂತಿಯ ಸೋಮಾರಿತನ. ಇನ್ವರ್ಟರ್ ಹಾಕುವವರು ದೀಪ ಮತ್ತು ಫ್ಯಾನುಗಳ ಫೇಸನ್ನು ಪ್ರತ್ಯೇಕಿಸಿ ಇನ್ವರ್ಟರಿನಿಂದ ಕೊಡುತ್ತಾರೆ, ನ್ಯೂಟ್ರಲನ್ನು ಮಾತ್ರ ಹತ್ತಿರದಲ್ಲಿ ಸಿಕ್ಕಿದ ಯಾವುದೋ ಒಂದಕ್ಕೆ ಸೇರಿಸಿಬಿಡುತ್ತಾರೆ. ಆಗ ಒಂದು ದಾರಿಯಲ್ಲಿ ಹೋದ ಕರೆಂಟು ಇನ್ನೊಂದು ದಾರಿಯಲ್ಲಿ ಮರಳುತ್ತದೆ, ಆರ್‌ಸಿಸಿಬಿಯ ಕಣ್ಣಿಗೆ ಅದು ಸೋರಿಕೆಯಂತೆಯೇ ಕಾಣುತ್ತದೆ. ಮೇನ್ ಆದ ತಕ್ಷಣ, ಇನ್ವರ್ಟರಿಗೂ ಮೊದಲು ಆರ್‌ಸಿಸಿಬಿ ಇರಬೇಕು. ಇನ್ವರ್ಟರಿನಿಂದ ಹೊರಡುವ ಸರ್ಕ್ಯೂಟುಗಳ ನ್ಯೂಟ್ರಲ್ ಇನ್ವರ್ಟರಿಗೇ ಮರಳಬೇಕು, ಉಳಿದವುಗಳ ನ್ಯೂಟ್ರಲ್ ಕಡ್ಡಿ ಬೇರೆಯೇ ಇರಬೇಕು. ಕರೆಂಟು ಹೋದ ಹೊತ್ತಿನಲ್ಲಿ ಇನ್ವರ್ಟರಿನ ಸರ್ಕ್ಯೂಟುಗಳಿಗೆ ಈ ಮೊದಲ ಆರ್‌ಸಿಸಿಬಿಯ ರಕ್ಷಣೆ ಸಿಗುವುದಿಲ್ಲ ಎಂಬುದೂ ನೆನಪಿರಲಿ. ಗೀಸರು, ಮೋಟಾರು, ಗ್ರೈಂಡರುಗಳನ್ನು ಇನ್ವರ್ಟರಿಗೆ ಹೇಗೂ ಯಾರೂ ಕೊಡುವುದಿಲ್ಲವಾದುದರಿಂದ ನಿಮ್ಮ ಮಟ್ಟಿಗೆ ಅದು ದೊಡ್ಡ ಕೊರತೆಯಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಡಬ್ಬಿಯ ಮೇಲೆ 30 ಮಿಲಿ ಆಂಪಿಯರ್ ಎಂದಿರುವುದನ್ನು ಓದಿಯೇ ತನ್ನಿ. 100 ಮತ್ತು 300ರವೂ ನೋಡುವುದಕ್ಕೆ ಹಾಗೆಯೇ ಇರುತ್ತವೆ. ಅವು ಮುಖ್ಯವಾಗಿ ಬೆಂಕಿ ತಡೆಯಲು, ಮನುಷ್ಯನ ರಕ್ಷಣೆಗೆ ಸಾಲವು. 40 ಆಂಪಿಯರಿನ ಎರಡು ಪೋಲಿನದು ನಿಮ್ಮ ಸಿಂಗಲ್ ಫೇಸ್ ಮನೆಗೆ ಸಾಕಾಗಬಹುದು, ಮೇನಿನ ಎಂಸಿಬಿ ಅದಕ್ಕಿಂತ ದೊಡ್ಡದಿರಬಾರದು. ಎಂಸಿಬಿ ತೆಗೆದು ಇದನ್ನು ಹಾಕುವುದಲ್ಲ, ಎರಡೂ ಇರಬೇಕು. ಶಾರ್ಟ್ ಸರ್ಕ್ಯೂಟ್ ಆದರೆ ಆರ್‌ಸಿಸಿಬಿಗೆ ಅದು ತಿಳಿಯುವುದಿಲ್ಲ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವರನ್ನೂ ಅದು ಉಳಿಸಲಾರದು, ಅಲ್ಲಿ ಕರೆಂಟು ದಾರಿ ತಪ್ಪಿರುವುದಿಲ್ಲ.

ಅದರ ಮೇಲೆ ಟೆಸ್ಟ್ ಎಂಬ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಬಿದ್ದರೆ ಯಂತ್ರ ಚೆನ್ನಾಗಿದೆ ಎಂದು ಅರ್ಥ, ಅರ್ತಿಂಗ್ ಚೆನ್ನಾಗಿದೆ ಎಂದಲ್ಲ. ಅರ್ತ್ ಇಲ್ಲದ ಮನೆಯಲ್ಲಿಯೂ ಆ ಗುಂಡಿ ಕೆಲಸ ಮಾಡುತ್ತದೆ.

ಉತ್ತರ 5: ಹಳೆಯ ಮೇಲ್ವಿಚಾರಕ

ತಮ್ಮ ಎರಡನೆಯ ಬರಹ ಓದಿದ ಮೇಲೆ ನನಗೆ ಉಳಿದ ಅನುಮಾನ ಬಹಳ ಕಡಿಮೆ. ಫ್ರಿಜ್ಜು, ಗೀಸರು, ಗ್ರೈಂಡರು, ಮೋಟಾರು ಎಲ್ಲದರ ಅರ್ತ್ ತಂತಿಗಳೂ ಒಂದಕ್ಕೊಂದು ಸೇರಿ ಕೊನೆಗೆ ಆ ನಾಲ್ಕಡಿ ಪೈಪಿಗೆ ಬರುತ್ತವೆ, ಆ ಪೈಪು ಭೂಮಿಗೆ ಹೋಗುವುದಿಲ್ಲ. ಮನೆಯ ಯಾವ ಮೂಲೆಯಲ್ಲಿ ಏನು ಸೋರಿದರೂ ಅದು ನೇರವಾಗಿ ತಮ್ಮ ತಾಯಿಯವರ ಕೈಗೆ ತಲುಪುವಂತೆ ವ್ಯವಸ್ಥೆಯಾಗಿದೆ. ಪ್ಲಂಬರಿಗೆ ಅದು ನೀರಿನ ಪೈಪು ಮಾತ್ರವಾಗಿತ್ತು, ಅವರನ್ನು ದೂರುವಂತಿಲ್ಲ. ಮೋಟಾರಿನೊಳಗಿನ ತಂತಿಯ ಸುತ್ತುಗಳಿಗೆ ತೇವ ಇಳಿದಿರಬೇಕು. ಅದನ್ನು ಪರೀಕ್ಷಿಸುವವರೆಗೆ ಓಡಿಸಬೇಡಿ.

ಗುಂಡಿಗೆ ಬಾವಿಯ ಕಡೆಯ ತಗ್ಗು ಜಾಗ, ಬಚ್ಚಲಿನ ನೀರು ಹರಿದು ತೆಂಗಿನ ಬುಡಕ್ಕೆ ಹೋಗುವ ಕಡೆ, ಅಡಿಪಾಯದಿಂದ 5 ಅಡಿಯಾದರೂ ದೂರದಲ್ಲಿ ಆರಿಸಿಕೊಳ್ಳಿ. ವರ್ಷವಿಡೀ ತೇವ ಉಳಿಯುವುದೇ ಮುಖ್ಯ. 40 ಮಿಲಿಮೀಟರ್ ದಪ್ಪದ, 2.5 ಮೀಟರ್ ಉದ್ದದ ಜಿಐ (ಸತುವಿನ ಲೇಪವಿರುವ ಕಬ್ಬಿಣದ) ಪೈಪು ಸಾಮಾನ್ಯ ಅಳತೆ. ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬುವುದು ಹಳೆಯ ಕ್ರಮ, ಅಗ್ಗವೂ ಹೌದು, ಆದರೆ ಉಪ್ಪು ಮಳೆಗೆ ಕರಗಿ ಹೋಗುತ್ತದೆ, ಪೈಪನ್ನೂ ತಿನ್ನುತ್ತದೆ. ಬೆಂಟೊನೈಟ್ ಜೇಡಿಮಣ್ಣು ಸಿಕ್ಕಿದರೆ ನಾನು ಅದನ್ನೇ ಹಾಕಿಸುತ್ತೇನೆ. ಜಂಬಿಟ್ಟಿಗೆ ಬಂಡೆ ಸಿಕ್ಕಿ 2.5 ಮೀಟರ್ ಇಳಿಯಲಾಗದಿದ್ದರೆ ಹಾರೆ ಮುರಿಯುತ್ತ ಕೂರಬೇಡಿ. 3 ಮೀಟರ್ ದೂರದಲ್ಲಿ ಇನ್ನೊಂದು ಗುಂಡಿ ತೋಡಿ ಎರಡನ್ನೂ ಜೋಡಿಸಿ. ಮುಗಿದ ಮೇಲೆ ಅರ್ತ್ ಟೆಸ್ಟರಿನಿಂದ ಅಳೆಸಿ, 5 ಓಮಿನೊಳಗೆ ಬಂದರೆ ಬಹಳ ಒಳ್ಳೆಯದು, 20 ಬಂದರೂ ಆರ್‌ಸಿಸಿಬಿ ಇರುವ ಮನೆಗೆ ಗಾಬರಿಯಿಲ್ಲ. ಮಳೆಗಾಲದ ಅಳತೆ ಸದಾ ಚೆನ್ನಾಗಿಯೇ ಬರುತ್ತದೆ. ಏಪ್ರಿಲ್ ತಿಂಗಳಿನಲ್ಲಿ ಇನ್ನೊಮ್ಮೆ ಅಳೆಸಿ ನೋಡಿ.

ಗೋಡೆಯಲ್ಲಿ ಉಳಿದಿರುವ ಕಬ್ಬಿಣದ ತುಂಡನ್ನು ಅರ್ತ್ ತಂತಿಯಿಂದ ಬಿಡಿಸಬೇಡಿ, ಹೊಸ ಗುಂಡಿಗೆ ಅದನ್ನೂ ಸೇರಿಸಿ. ನಲ್ಲಿ, ಗೀಸರು, ಪೈಪು ಎಲ್ಲವೂ ಒಂದೇ ಮಟ್ಟದಲ್ಲಿದ್ದರೆ ಎರಡು ಕೈಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಬರುವುದಿಲ್ಲ. ಕೆಲಸವನ್ನು ಪರವಾನಗಿ ಇರುವವರಿಂದಲೇ ಮಾಡಿಸಿ. ಒಂದು ವೇಳೆ ಯಾರಿಗಾದರೂ ಹೊಡೆದರೆ ಅವರನ್ನು ಮುಟ್ಟಬೇಡಿ, ಮೊದಲು ಮೇನ್ ಇಳಿಸಿ, ಆಮೇಲೆ 108. ಇದನ್ನು ಮನೆಯ ಮಕ್ಕಳಿಗೂ ಮೇನ್ ತೋರಿಸಿಯೇ ಹೇಳಿಕೊಡಿ.

ಪ್ರಶ್ನೆ ಕೇಳಿದವರು: ಕಾವಿ ನೆಲದ ಮನೆಯವ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಶಿವಮೊಗ್ಗದಿಂದ ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್ ಒಬ್ಬರು ಬಂದರು. ಮೊದಲ ದಿನವೇ ಆರ್‌ಸಿಸಿಬಿ ಕೂರಿಸಿದರು. ದೀಪಗಳನ್ನು ಹಾಕಿದೊಡನೆ ಅದು ಬಿತ್ತು. ಮಲ್ಲೇಶ್ವರದವರು ಹೇಳಿದಂತೆ ಇನ್ವರ್ಟರಿನ ನ್ಯೂಟ್ರಲ್ ಅಡುಗೆಮನೆಯ ನ್ಯೂಟ್ರಲಿಗೆ ಸೇರಿಕೊಂಡಿತ್ತು. ಅದನ್ನು ಬೇರ್ಪಡಿಸುವುದಕ್ಕೆ ಅರ್ಧ ದಿನ ಹಿಡಿಯಿತು. ಆನಂತರ ಮಳೆಗೆ ಎರಡು ದಿನ ಬಿಡುವು ಸಿಕ್ಕಾಗ ಬಚ್ಚಲ ನೀರು ಹೋಗುವ ಕಡೆ ಗುಂಡಿ ತೋಡಿಸಿದೆವು. ಐದಡಿಗೇ ಜಂಬಿಟ್ಟಿಗೆ ಸಿಕ್ಕಿದ್ದರಿಂದ ಎರಡು ಗುಂಡಿ ಮಾಡಿ ಜೋಡಿಸಬೇಕಾಯಿತು, ಅಳತೆ 11 ಓಮ್ ಬಂದಿದೆ.

ಅರ್ತ್ ಸೇರಿಸಿದ ಮೇಲೆ ಮೋಟಾರಿನ ಸ್ವಿಚ್ ಹಾಕುವುದೇ ತಡ ಆರ್‌ಸಿಸಿಬಿ ಬೀಳತೊಡಗಿತು. ತಡೆ ಅಳೆಯುವ ಮೆಗ್ಗರ್ ಹಿಡಿದು ನೋಡಿದರೆ ಮೋಟಾರಿನ ತಂತಿಯ ಸುತ್ತುಗಳಿಗೂ ಮೈಗೂ ನಡುವೆ ತಡೆ ಸೊನ್ನೆಯ ಹತ್ತಿರವಿತ್ತು, 1 ಮೆಗಾ ಓಮಿಗಿಂತ ಹೆಚ್ಚಿರಬೇಕಂತೆ. ಪಂಪ್‌ಹೌಸಿನ ಒಡೆದ ಹಂಚಿನಿಂದ ನೀರು ನೇರವಾಗಿ ಅದರ ಮೇಲೆ ತೊಟ್ಟಿಕ್ಕುತ್ತಿದ್ದುದನ್ನು ಯಾರೂ ನೋಡಿರಲಿಲ್ಲ. ಮೋಟಾರು ಈಗ ರೀವೈಂಡಿಂಗಿಗೆ ಹೋಗಿದೆ, ಹಂಚು ಹೊಸದಾಗಿದೆ. ಗೀಸರನ್ನೂ ಪರೀಕ್ಷಿಸಿದರು, ಅದರಲ್ಲಿ ದೋಷವಿಲ್ಲ. ಕಂಪನಿಯ ರಿಪೇರಿಯವರು ಸರಿಯಾಗಿಯೇ ಹೇಳಿದ್ದರು. ಫ್ರಿಜ್ಜಿನ ಜುಮ್ಮು ಕೂಡ ನಿಂತಿದೆ.

ಮೋಟಾರು ಬರುವ ತನಕ ಬಾವಿಯಿಂದ ಸೇದಿದ ನೀರನ್ನು ಹಂಡೆಗೆ ಹಾಕಿ ಬಚ್ಚಲೊಲೆ ಉರಿಸುತ್ತಿದ್ದೇವೆ. ಅಮ್ಮನಿಗೆ ಮಾತ್ರ ನಲ್ಲಿಯ ಮೇಲೆ ಇನ್ನೂ ನಂಬಿಕೆ ಬಂದಿಲ್ಲ, ಬಟ್ಟೆ ಸುತ್ತಿಯೇ ತಿರುಗಿಸುತ್ತಾರೆ. ಒಂದು ಕೊನೆಯ ಸಂದೇಹ, ಮೇಲ್ವಿಚಾರಕರು ಹೇಳಬೇಕು: ಮೋಟಾರಿನವರೆಗೆ ಹೋಗಿರುವ ಹಳೆಯ ಕೇಬಲಿನಲ್ಲಿ ಎರಡೇ ತಂತಿಗಳಿವೆ, ಅರ್ತ್ ತಂತಿಯನ್ನು ಹೊರಗಿನಿಂದ ಅಡಿಕೆ ಮರಗಳಿಗೆ ಕಟ್ಟಿಕೊಂಡು ಪ್ರತ್ಯೇಕವಾಗಿ ಎಳೆದಿದ್ದಾರೆ. ಅದನ್ನೇ ಉಳಿಸಬಹುದೆ, ಅಥವಾ ಮೂರು ತಂತಿಯ ಕೇಬಲನ್ನು ಹೊಸದಾಗಿ ಹೂಳಿಸಬೇಕೆ?

ಉತ್ತರ 6: ಹಳೆಯ ಮೇಲ್ವಿಚಾರಕ

ಮೂರು ತಂತಿಯದನ್ನೇ ಪೈಪಿನೊಳಗೆ ಹಾಕಿ ಹೂಳಿಸಿ. ಅಡಿಕೆ ಗೊನೆ ಕೊಯ್ಯುವ ಹೊತ್ತಿಗೆ ಅಡಿಕೆ ಮರದ ಮೇಲಿನ ಆ ತಂತಿ ಯಾರ ದೋಟಿಗೆ ಸಿಕ್ಕಿ ಹರಿಯುತ್ತದೆಯೋ ಹೇಳಲಾಗದು, ಹರಿದದ್ದು ಯಾರಿಗೂ ತಿಳಿಯುವುದೂ ಇಲ್ಲ.